ತಟಸ್ಥರ ಮನಸ್ಸು ಗೊತ್ತಾಗುವುದು ವ್ಯಾಪಾರದಲ್ಲಿ

ಓದುಗರೊಬ್ಬರ ಪತ್ರದ ಸಾರ: 2003ರಲ್ಲಿ ಇರಾಕ್ ಯುದ್ಧಕ್ಕೆ ಹೊರಟ ಅಮೆರಿಕದ ವಿಮಾನಗಳಿಗೆ ಸ್ವಿಟ್ಜರ್ಲೆಂಡ್ ತನ್ನ ಆಕಾಶವನ್ನು ಮುಚ್ಚಿತು. 2022ರಲ್ಲಿ ರಷ್ಯಾದ ಮೇಲೆ ಆರ್ಥಿಕ ನಿರ್ಬಂಧ ಹೇರಿತು, ಆದರೆ ಉಕ್ರೇನಿಗೆ ಮದ್ದುಗುಂಡು ಹೋಗಗೊಡಲಿಲ್ಲ. ಇದೆಂಥ ತಾಟಸ್ಥ್ಯ? ಅನುಕೂಲಸಿಂಧು ರಾಜಕಾರಣವಲ್ಲವೆ?

ಮಾನ್ಯರೇ,

ತಾವು ಕೊಟ್ಟ ಮೂರು ಉದಾಹರಣೆಗಳಲ್ಲಿ ಎರಡು ಒಂದೇ ಕಾನೂನಿನಿಂದ ಬಂದವು. 1907ರ ಹೇಗ್ ಒಪ್ಪಂದದ ಪ್ರಕಾರ, ಯುದ್ಧನಿರತರು ತಟಸ್ಥ ದೇಶದ ನೆಲದ ಮೇಲೆ ಸೈನ್ಯ ಸಾಗಿಸುವಂತಿಲ್ಲ; ಆಕಾಶಕ್ಕೂ ಅದೇ ಅನ್ವಯ. ಖಾಸಗಿ ಕಂಪನಿಗಳು ಶಸ್ತ್ರ ಮಾರುವುದನ್ನು ಆ ದೇಶ ತಡೆಯಲೇಬೇಕೆಂದಿಲ್ಲ. ತಡೆದರೆ ಮಾತ್ರ ಇಬ್ಬರಿಗೂ ಸಮನಾಗಿ ತಡೆಯಬೇಕು. ಜರ್ಮನಿಯ ಬಳಿಯಿದ್ದ, ಗೆಪಾರ್ಡ್ ವಿಮಾನನಿರೋಧಕ ಟ್ಯಾಂಕುಗಳ ಸುಮಾರು 12,400 ಗುಂಡುಗಳು ಸ್ವಿಸ್ ತಯಾರಿಕೆಯವು. ಬೇರೆಯವರಿಗೆ ಕೊಡಬೇಕಾದರೆ ಸ್ವಿಸ್ ಸರ್ಕಾರದ ಒಪ್ಪಿಗೆ ಬೇಕಿತ್ತು. ರಷ್ಯಾಕ್ಕೆ ಕೊಡದ್ದನ್ನು ಉಕ್ರೇನಿಗೂ ಕೊಡಲಾರೆವು ಎಂದು ಸರ್ಕಾರ ನಿರಾಕರಿಸಿತು. ದಾಳಿ ಮಾಡಿದವನನ್ನೂ ದಾಳಿಗೆ ಸಿಕ್ಕವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ನಿಯಮ ನನಗೆ ರುಚಿಸುವುದಿಲ್ಲ. ಆದರೆ ಅದನ್ನು ಅವಕಾಶವಾದ ಎನ್ನಲಾರೆ.

ಇರಾಕ್ ವಿಷಯದಲ್ಲಿ ಇನ್ನೊಂದು ಅಂಶವಿತ್ತು: ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅನುಮತಿ ಇರಲಿಲ್ಲ. ಸ್ವಿಸ್ಸರಿಗೆ ಇದೇ ಮುಖ್ಯ. 1999ರಲ್ಲಿ ನೇಟೊ ಅಂಥ ಅನುಮತಿಯಿಲ್ಲದೆ ಯುಗೊಸ್ಲಾವಿಯದ ಮೇಲೆ ಬಾಂಬ್ ಹಾಕತೊಡಗಿದಾಗಲೂ ಆಕಾಶ ಕೊಡಲಿಲ್ಲ. ಜೂನ್‌ನಲ್ಲಿ, ಯುಗೊಸ್ಲಾವಿಯದ ಭಾಗವಾಗಿದ್ದ ಕೊಸೊವೊದಲ್ಲಿ ಶಾಂತಿಪಡೆಗೆ ಒಪ್ಪಿಗೆ ಕೊಡುವ ಮಂಡಳಿಯ 1244ನೇ ನಿರ್ಣಯ ಬಂದದ್ದೇ ತಡ, ಅಕ್ಟೋಬರ್ ಹೊತ್ತಿಗೆ ಸ್ವಿಟ್ಜರ್ಲೆಂಡ್ ಅದೇ ನೇಟೊ ನೇತೃತ್ವದ ಆ ಪಡೆಗೆ ಸ್ವಯಂಸೇವಕ ಸೈನಿಕರನ್ನು ಕಳಿಸಿತು. ತಮಾಷೆಯೆಂದರೆ, ಹಾಗೆ ಹೋದವರ ಕಾವಲಿಗೆ ಆಸ್ಟ್ರಿಯದ ಸೈನಿಕರು ಬೇಕಾದರು. ಅದೂ ತಟಸ್ಥ ದೇಶವೇ! ಹೀಗೆ ಹೊರದೇಶಕ್ಕೆ ಹೋದ ಸ್ವಿಸ್ ಸೈನಿಕರು ಆತ್ಮರಕ್ಷಣೆಗೆ ಶಸ್ತ್ರ ಹಿಡಿಯಲು 2001ರ ಜನಮತಗಣನೆ ಒಪ್ಪಿತು, ಶೇ 51ರ ಅಂಚಿನಲ್ಲಿ. ಇವತ್ತಿಗೂ ಬಲಪ್ರಯೋಗದಿಂದ ಶಾಂತಿ ಹೇರುವ ಕಾರ್ಯಾಚರಣೆಗಳಲ್ಲಿ ಕಾದಾಡಲು ಸ್ವಿಸ್ ಕಾನೂನು ಬಿಡುವುದಿಲ್ಲ.

ಈ ವ್ಯವಸ್ಥೆಯ ತೊಡಕು ಎಲ್ಲಿದೆಯೆಂದು ತಾವೇ ಊಹಿಸಬಲ್ಲಿರಿ. ಭದ್ರತಾ ಮಂಡಳಿಯ ಬೀಗದ ಕೈ ಐದು ದೇಶಗಳ ಬಳಿಯಿದೆ. 2022ರ ಫೆಬ್ರವರಿ 25ರಂದು ತನ್ನದೇ ದಾಳಿಯನ್ನು ಖಂಡಿಸುವ ನಿರ್ಣಯಕ್ಕೆ ರಷ್ಯಾ ವೀಟೊ ಹಾಕಿತು. ಮಂಡಳಿ ಮೂಕವಾದಾಗ ತಟಸ್ಥ ದೇಶ ತನ್ನ ತಲೆಯನ್ನೇ ಉಪಯೋಗಿಸಬೇಕಾಗುತ್ತದೆ.

ಅನುಕೂಲದ ಮಾತು ಬರುವುದು ಇಲ್ಲಿಯೇ. ಆರ್ಥಿಕ ನಿರ್ಬಂಧಗಳ ಬಗ್ಗೆ ಹೇಗ್ ಒಪ್ಪಂದ ಏನೂ ಹೇಳುವುದಿಲ್ಲ. ಹೇರುವುದೂ ಬಿಡುವುದೂ ಸರ್ಕಾರದ ಇಚ್ಛೆ. 2014ರಲ್ಲಿ ರಷ್ಯಾ ಕ್ರಿಮಿಯವನ್ನು ಕಬಳಿಸಿದಾಗ ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದ ನಿರ್ಬಂಧಗಳನ್ನು ತನ್ನದಾಗಿಸಿಕೊಳ್ಳಲಿಲ್ಲ, ಅವುಗಳಿಂದ ನುಣುಚಿಕೊಳ್ಳಲು ತನ್ನ ನೆಲ ಬಳಕೆಯಾಗದಂತೆ ನೋಡಿಕೊಂಡಿತು, ಅಷ್ಟೆ. 2022ರಲ್ಲೂ ಮೊದಲು ಅದೇ ರಾಗ. ನೆರೆಯವರ ಮತ್ತು ಸ್ವಂತ ಜನರ ಒತ್ತಡ ಹೆಚ್ಚಿದ ಮೇಲೆ ಫೆಬ್ರವರಿ 28ರಂದು ಮಾತು ಬದಲಾಯಿತು. ಫೆಬ್ರವರಿ 24ರ ದಾಳಿಯ ನಂತರದ ಆ ನಾಲ್ಕೇ ದಿನಗಳಲ್ಲಿ ಕಾನೂನು ಬದಲಾಗಿರಲಿಲ್ಲವಲ್ಲ! ಮಾತು ಬದಲಾದದ್ದು ಒಳ್ಳೆಯದೇ ಆಯಿತು ಎಂಬುದು ನನ್ನ ಅಭಿಪ್ರಾಯ. ವಿಶ್ವಸಂಸ್ಥೆ ವಿಧಿಸಿದ್ದನ್ನು ಬಿಟ್ಟು, ಯುದ್ಧನಿರತರ ಮೇಲೆ ಯಾವ ನಿರ್ಬಂಧವೂ ಕೂಡದೆಂದು ಸಂವಿಧಾನದಲ್ಲೇ ಬರೆಯಬೇಕೆನ್ನುವವರೂ ಅಲ್ಲಿದ್ದಾರೆ. ಅದಕ್ಕಾಗಿ ಸಹಿ ಸಂಗ್ರಹಿಸಿ 2024ರಲ್ಲಿ ಸಲ್ಲಿಸಿದ್ದಾರೆ.

ಇನ್ನು ಆ ಗುಂಡುಗಳ ಕಥೆ. ಸ್ವಿಸ್ ಒಪ್ಪಿಗೆಗೆ ಕಾದು ಬೇಸತ್ತ ಜರ್ಮನಿ, ಅಂಥವನ್ನು ತನ್ನ ನೆಲದಲ್ಲೇ ತಯಾರಿಸಲು ವ್ಯವಸ್ಥೆ ಮಾಡಿಕೊಂಡಿತು.

— ಸಂಪಾದಕ