ಹುಲ್ಲೆಲ್ಲ ಜಾಲಾಡಿದರೂ ವಲ್ಪಿಕ್ಸ್ ಇಲ್ಲ!

ಪ್ರಶ್ನೆ: ನನ್ನ ಮಗಳಿಗೆ ಅವಳ ಸೋದರಮಾವ ನಿಂಟೆಂಡೊ ಸ್ವಿಚ್ ಗೇಮ್ ಯಂತ್ರದ ಜೊತೆ ‘ಪೊಕೆಮಾನ್ ಲೆಟ್ಸ್ ಗೋ ಪಿಕಾಚು’ ಗೇಮ್ ಕೊಡಿಸಿದ್ದಾನೆ. ಎರಡು ವಾರದಿಂದ ವಲ್ಪಿಕ್ಸ್ ಅನ್ನೋ ನರಿಮರಿಗಾಗಿ ಹುಡುಕುತ್ತಿದ್ದಾಳೆ, ಸಿಗುತ್ತಿಲ್ಲ. ಗೇಮ್ ಕೆಟ್ಟಿದೆಯಾ?
– ಒಬ್ಬ ಓದುಗರು, ಮೈಸೂರು

ಉತ್ತರ: ಗೇಮ್ ಚೆನ್ನಾಗಿಯೇ ಇದೆ, ಅಮ್ಮ. ಆ ಗೇಮಿನ ಕಾಡಿನಲ್ಲಿ ವಲ್ಪಿಕ್ಸ್ ಇಟ್ಟೇ ಇಲ್ಲ. 2018ರಲ್ಲಿ ಪಿಕಾಚು, ಈವೀ ಅಂತ ಜೋಡಿ ಗೇಮ್ ಬಂತು. ವಲ್ಪಿಕ್ಸ್, ಮಿಯಾವ್ತ್, ಎಕಾನ್ಸ್ ಸಿಗುವುದು ಈವೀಯಲ್ಲಿ. ನಿಮ್ಮ ಮಗಳ ಗೇಮಿನಲ್ಲಿ ಅದೇ ಜಾಗದಲ್ಲಿ ಗ್ರೌಲಿತ್ ನಾಯಿಮರಿ ಓಡಾಡುತ್ತಿರುತ್ತದೆ, ಕೇಳಿ ನೋಡಿ.

ನಾನೂ ಹೀಗೇ ಮೋಸಹೋದವನು. ನನ್ನ ಹತ್ತಿರ ಇದ್ದದ್ದು ‘ಫೈರ್‌ರೆಡ್’ ಅನ್ನೋ ಹಳೆಯ ಪೊಕೆಮಾನ್ ಗೇಮ್. ಇಡೀ ಬೇಸಿಗೆ ರಜೆ ರೂಟ್ 7ರ ಹುಲ್ಲು ತುಳಿದೆ. ಬಂದದ್ದೆಲ್ಲ ಗ್ರೌಲಿತ್! ವಲ್ಪಿಕ್ಸ್ ಇದ್ದದ್ದು ಅದರ ಜೋಡಿ ಗೇಮ್, ಚಿಕ್ಕಪ್ಪನ ಮಗನ ‘ಲೀಫ್‌ಗ್ರೀನ್’ನಲ್ಲಿ.

ಇದು 1996ರಲ್ಲಿ ಜಪಾನಿನಲ್ಲಿ ಮೊದಲ ಪೊಕೆಮಾನ್ ಗೇಮ್‌ಗಳಾದ ‘ರೆಡ್’, ‘ಗ್ರೀನ್’ ಬಂದಾಗಿನಿಂದಲೂ ಇರುವ ಪದ್ಧತಿ. ಪೊಕೆಮಾನ್ ಹುಟ್ಟುಹಾಕಿದ ಸತೋಶಿ ತಜಿರಿಗೆ ಚಿಕ್ಕಂದಿನಲ್ಲಿ ಹುಳ ಹಿಡಿಯುವ ಹುಚ್ಚು. ಗೇಮ್‌ಬಾಯ್ ಅನ್ನೋ ಎರಡು ಕೈ ಗೇಮ್ ಯಂತ್ರಗಳ ನಡುವಿನ ಕೇಬಲ್ ನೋಡಿದಾಗ ಅದರೊಳಗೆ ಹುಳ ಹರಿದಾಡಿದಂತೆ ಕಂಡಿತಂತೆ. ಒಬ್ಬರ ಹತ್ತಿರ ಇಲ್ಲದ್ದು ಇನ್ನೊಬ್ಬರ ಹತ್ತಿರ ಇದ್ದರೆ ತಾನೇ ಅದಲು ಬದಲು ನಡೆಯುವುದು? ಎರಡೆರಡು ಗೇಮ್ ಮಾರುವುದಕ್ಕೂ ಅನುಕೂಲ ಆಯ್ತು ಅನ್ನಿ.

ಈಗ ದಾರಿ ಹೇಳ್ತೀನಿ. ಈವೀ ಗೇಮ್ ಇರುವ ಗೆಳತಿ ಸಿಕ್ಕರೆ ಎರಡು ಸ್ವಿಚ್ ಅಕ್ಕಪಕ್ಕ ಇಟ್ಟು ಬದಲಾಯಿಸಿಕೊಳ್ಳಬಹುದು. ಅದಕ್ಕೆ ಖರ್ಚಿಲ್ಲ. ಆನ್‌ಲೈನ್‌ನಲ್ಲಾದರೆ ಚಂದಾ ಕಟ್ಟಬೇಕು. ಯಾರೂ ಸಿಗದಿದ್ದರೆ ನಿಮ್ಮ ಫೋನಿನ ‘ಪೊಕೆಮಾನ್ ಗೋ’ ಗೇಮಿನಲ್ಲಿ ವಲ್ಪಿಕ್ಸ್ ಹಿಡಿದು, ಮಗಳ ಗೇಮಿನೊಳಗಿನ ಫ್ಯೂಷಿಯಾ ಸಿಟಿಯ ‘ಗೋ ಪಾರ್ಕ್’ಗೆ ಕಳಿಸಿ. ಅಲ್ಲಿ ಅವಳು ಮತ್ತೊಮ್ಮೆ ಬಾಲ್ ಎಸೆದು ಹಿಡಿಯಬೇಕು. ಕಳಿಸಿದ್ದು ಫೋನಿಗೆ ವಾಪಸ್ ಬರುವುದಿಲ್ಲ, ಜೋಪಾನ. ಇಷ್ಟಕ್ಕಾಗಿ ಎರಡನೇ ಗೇಮ್ ಮಾತ್ರ ಕೊಳ್ಳಬೇಡಿ.

ಗೆಳತಿ ಸಿಕ್ಕರೆ ನಿಮ್ಮ ಮಗಳು ಹಾಂಟರ್ ಅನ್ನೋ ಪೊಕೆಮಾನ್ ಕೂಡ ಒಮ್ಮೆ ಅವಳಿಗೆ ಕೊಡಲಿ. ಕೈ ಬದಲಾದ ಕೂಡಲೇ ಅದು ಬೆಳೆದು ಗೆಂಗಾರ್ ಆಗುತ್ತದೆ, ಈ ಗೇಮಿನಲ್ಲಿ ಅದಕ್ಕೆ ಬೇರೆ ದಾರಿಯಿಲ್ಲ. ಆದರೆ ‘ವಾಪಸ್ ಕೊಡ್ತೀನಿ’ ಅಂತ ಮೊದಲೇ ಮಾತು ತಗೊಳ್ಳಲಿ. ಚಿಕ್ಕಪ್ಪನ ಮಗ ನನ್ನ ಗೆಂಗಾರ್ ಇವತ್ತಿಗೂ ಕೊಟ್ಟಿಲ್ಲ.