ಮೈ ಹುಷಾರಾದ ಮೇಲೂ ಮನೋವೈದ್ಯರಿಗೆ ಯಾಕೆ ಕಾಯಬೇಕು?

ಅಕ್ಕಾ, ಸಾಯಲು ಯತ್ನಿಸಿದ್ದ ನಿಮ್ಮ ತಮ್ಮ ಐಸಿಯುನಿಂದ ವಾರ್ಡಿಗೆ ಬಂದು ಊಟ ಮಾಡ್ತಿದ್ದಾನೆ, ಆದರೂ ಮನೋವೈದ್ಯರು ನೋಡುವವರೆಗೆ ದಾವಣಗೆರೆಯಿಂದ ಊರಿಗೆ ಬಿಡಲ್ಲ ಅಂತಾರೆ, 'ಅವನಿಗೇನು ಹುಚ್ಚಾ' ಅಂತ ಅಪ್ಪ ಸಿಟ್ಟಾಗಿದ್ದಾರೆ ಅಂತ ಬರೆದಿದ್ದೀರಿ. ಕ್ಯಾಷುವಾಲ್ಟಿಯಲ್ಲಿ ನರ್ಸ್ ಆಗಿದ್ದವಳು ನಾನು. ದಯವಿಟ್ಟು ಕಾಯಿರಿ.

ಜೀವ ಉಳಿಸೋದು ಮೊದಲ ಕೆಲಸ, ಅದು ಆಯ್ತು. ಪೂರ್ತಿ ಎಚ್ಚರ ಬಂದಮೇಲೆ ಮನೋವೈದ್ಯರು ಅವನೊಬ್ಬನನ್ನೇ ಕೂರಿಸಿಕೊಂಡು ಮಾತಾಡ್ತಾರೆ: ಸಾಯಬೇಕೆನ್ನುವ ಯೋಚನೆ ಇನ್ನೂ ಇದೆಯಾ, ಹಿಂದೆಯೂ ಹೀಗಾಗಿತ್ತಾ, ನಿದ್ದೆ, ಕುಡಿತ, ಸಾಲ. ನೇರವಾಗಿ ಕೇಳಿದರೆ ಆ ಯೋಚನೆ ಹೊಸದಾಗಿ ತಲೆಗೆ ಹೊಗಲ್ಲ. ಯಾರೋ ಕೇಳಿದರಲ್ಲ ಅಂತಲೇ ಅತ್ತು ಹಗುರಾದವರನ್ನು ನೋಡಿದ್ದೇನೆ. ಆಮೇಲೆ ನಿಮ್ಮನ್ನೂ ಕರೀತಾರೆ. ಮಾನ ಹೋಗುತ್ತೆ ಅಂತ ಏನೂ ಮುಚ್ಚಿಡಬೇಡಿ. ಮನೆಗೆ ಕಳಿಸೋದಾ, ಇನ್ನೂ ಕೆಲವು ದಿನ ಇಟ್ಟುಕೊಳ್ಳೋದಾ ಅನ್ನೋದು ಇದರ ಮೇಲೇ ನಿಂತಿರುತ್ತೆ. ಡಿಸ್ಚಾರ್ಜ್ ಆದ ಮೊದಲ ವಾರಗಳಲ್ಲೇ ಅಪಾಯ ಹೆಚ್ಚು, ಮುಂದೆ ಯಾವತ್ತು ತೋರಿಸಬೇಕು ಅಂತ ಬರೆಸಿಕೊಳ್ಳದೆ ಹೊರಡಬೇಡಿ. ಹೊಲಕ್ಕೆ ಹೊಡೆಯೋ ಔಷಧಿ ಮನೆಯಲ್ಲಿದ್ದರೆ ಇವತ್ತೇ ಬೇರೆಯವರ ಮನೆಗೆ ಸಾಗಿಸಿ.

ಪೊಲೀಸ್ ಕೇಸಿನ ಭಯ ಬಿಡಿ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ದಾಖಲೆ, ಬರೆಯೋದು ಆಸ್ಪತ್ರೆಯ ಪದ್ಧತಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಇಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅನ್ನುತ್ತೆ.

ರಾತ್ರಿ ನಿಮಗೇ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ತಮ್ಮ ಮತ್ತೆ ಸಾಯುವ ಮಾತೆತ್ತಿದರೆ ಒಬ್ಬನನ್ನೇ ಬಿಡದೆ ಸೀದಾ ಕ್ಯಾಷುವಾಲ್ಟಿಗೆ ಕರೆತನ್ನಿ. ಅಪ್ಪನಿಗೂ ಇದನ್ನೇ ಓದಿ ಹೇಳಿ.