ಫೈಟರ್ ಪಾತ್ರಕ್ಕೆ ಮೂರನೇ ಹಂತದಲ್ಲಿ ಯಾವ ಉಪವರ್ಗ ಸೂಕ್ತ?

ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಪಾತ್ರಾಭಿನಯ ಆಟದ 2014ರ ಆಟಗಾರರ ಕೈಪಿಡಿಯು ಫೈಟರ್‌ಗೆ ಚಾಂಪಿಯನ್, ಬ್ಯಾಟಲ್ ಮಾಸ್ಟರ್, ಎಲ್ಡ್ರಿಚ್ ನೈಟ್ ಎಂಬ ಮೂರು ಉಪವರ್ಗಗಳ, ಅಂದರೆ ವಿಶೇಷ ಪರಿಣತಿಯ ದಾರಿಗಳ, ಆಯ್ಕೆ ಕೊಡುತ್ತದೆ. ಹೊಸಬರಿಗೂ ನನ್ನ ಸಲಹೆ ಬ್ಯಾಟಲ್ ಮಾಸ್ಟರ್. ಆರಂಭದಲ್ಲೇ ಮೂರು ವರಸೆಗಳೂ ಎಂಟು ಮುಖದ ನಾಲ್ಕು ದಾಳಗಳೂ ದೊರೆಯುತ್ತವೆ. ಒಂದು ದಾಳವನ್ನು ವ್ಯಯಿಸಿ ಎದುರಾಳಿಯನ್ನು ನೆಲಕ್ಕೆ ಕೆಡವಬಹುದು, ಇಲ್ಲವೇ ಅವನ ಕೈಯಿಂದ ಆಯುಧ ಬೀಳುವಂತೆ ಮಾಡಬಹುದು. ಈ ದಾಳಗಳು ಅಲ್ಪ ವಿಶ್ರಾಂತಿಯಲ್ಲೇ ಮರಳುವುದರಿಂದ, ನಿಮ್ಮ ತಂಡಕ್ಕೆ ನಡುನಡುವೆ ದಣಿವಾರಿಸಿಕೊಳ್ಳುವ ರೂಢಿಯಿದ್ದರೆ ಇದರ ಬಲ ಎದ್ದು ಕಾಣುತ್ತದೆ. ಚಾಂಪಿಯನ್‌ಗೆ ದಾಳಿಯ ಇಪ್ಪತ್ತು ಮುಖದ ದಾಳದಲ್ಲಿ 20 ಮಾತ್ರವಲ್ಲ, 19 ಬಿದ್ದರೂ ಕ್ರಿಟಿಕಲ್ ಹೊಡೆತ (ಹಾನಿಯ ದಾಳಗಳು ಇಮ್ಮಡಿಯಾಗುವ ಪೆಟ್ಟು) ಆಗುತ್ತದೆ, ಅಂದರೆ ಸಾಧ್ಯತೆ ಶೇ. 5ರಿಂದ 10ಕ್ಕೆ ಏರುತ್ತದೆ. ಲೆಕ್ಕ ಇಡುವ ಗೋಜಿಲ್ಲ, ಆದರೆ ಸರದಿ ಬಂದಾಗ ಯೋಚಿಸಲೂ ಹೆಚ್ಚೇನಿರುವುದಿಲ್ಲ. ಮಂತ್ರಗಳಿಗೆ ಬಲ ಕೊಡುವ ಬುದ್ಧಿಯ ಅಂಕ ಕಡಿಮೆಯಿದ್ದರೂ ಮಂತ್ರ ಬಲ್ಲ ಎಲ್ಡ್ರಿಚ್ ನೈಟ್ ಆರಿಸಬಹುದು, ಏಕೆಂದರೆ ಮುಂದಿನ ಸರದಿಯವರೆಗೆ ರಕ್ಷಣಾಂಕವನ್ನು 5ರಷ್ಟು ಹೆಚ್ಚಿಸುವ ಶೀಲ್ಡ್ ಮಂತ್ರಕ್ಕೆ ಆ ಅಂಕ ಬೇಕಾಗುವುದೇ ಇಲ್ಲ.